ಮಲ್ಲೇಶ್ವರಿಯ ತಾಯಿಯ ಊರು

ರಾಯಚೂರು
8 ಜೂನ್ 2024

ಶ್ರೀಮತಿ ದುರ್ಗಾದೇವಿ,
ಶಿಕ್ಷಕಿ, ಬಾಲಕೃಪಾ ಶಿಶುಶಾಲೆ, ದೇವದುರ್ಗ

ಸೋಮವಾರ ಶಾಲೆ ತೆರೆಯುತ್ತದೆ. ಮೇ ತಿಂಗಳಿನಿಂದ ರಾಯಚೂರು, ಮಾನ್ವಿ, ದೇವದುರ್ಗದ ಮೂರೂ ಶಿಶುಶಾಲೆಗಳ ಮೇಲ್ವಿಚಾರಣೆಯನ್ನು ಮಂಡಳಿ ನನಗೆ ವಹಿಸಿದೆ. ಹಿಂದಿನವರು ನಿಮ್ಮನ್ನು ಬಹಳ ಸಡಿಲ ಬಿಟ್ಟಿದ್ದರೆಂದು ಕಡತ ನೋಡಿದರೆ ತಿಳಿಯುತ್ತದೆ. ಇನ್ನು ಹಾಗಿರುವುದಿಲ್ಲ.

ಪ್ರತಿ ವಾರದ ಚಟುವಟಿಕೆಯನ್ನು ಇಲ್ಲಿಂದಲೇ ಕಳಿಸುತ್ತೇನೆ. ಮೊದಲ ವಾರ ಸೃಷ್ಟಿ ಮತ್ತು ಬಣ್ಣಗಳು. ಎರಡನೆಯ ವಾರ ನನ್ನ ಮನೆ ಮತ್ತು ಊಟದ ಪ್ರಾರ್ಥನೆ. ಮೂರನೆಯ ವಾರ ಕಳೆದುಹೋದ ಕುರಿ. ಆಮೇಲೆ ಚಿಟ್ಟೆ. ಹಾಡು, ಕಥೆ, ಕೈಕೆಲಸ ಎಲ್ಲವೂ ಹಾಳೆಯಲ್ಲಿ ಬರೆದ ಹಾಗೆಯೇ ನಡೆಯಬೇಕು. ನಿಮ್ಮ ಕಡೆಯಿಂದ ಏನನ್ನೂ ಸೇರಿಸಬೇಡಿ, ಬಿಡಬೇಡಿ. ಶನಿವಾರ ವರದಿ ಬರೆದು, ಸಹಿ ಮಾಡಿ ಅಂಚೆಗೆ ಹಾಕಿ. ಫೋನಿನಲ್ಲಿ ಮಾತಾಡಿ ಕಳಿಸುವ ಮೆಸೇಜುಗಳನ್ನು ನಾನು ಕೇಳುವುದಿಲ್ಲ.

ನೀವು ನಮ್ಮ ಕ್ರೈಸ್ತ ಸಭೆಯವರಲ್ಲ ಎಂದು ಗೊತ್ತಾಯಿತು. ದುರ್ಗಾದೇವಿ ಎಂಬ ಹೆಸರಿನವರು ಮಕ್ಕಳಿಗೆ ನಮ್ಮ ದೇವರ ಕಥೆ ಹೇಳುವುದನ್ನು ಹಿಂದಿನವರು ಹೇಗೆ ಒಪ್ಪಿದರೋ ತಿಳಿಯದು. ಆಗಸ್ಟ್ ಕೊನೆಗೆ ನಿಮ್ಮ ನೇಮಕ ಮುಂದುವರಿಸುವ ಪ್ರಶ್ನೆ ಬರುತ್ತದೆ. ನಿಮ್ಮ ವರದಿಗಳನ್ನು ನೋಡಿ ನನ್ನ ಅಭಿಪ್ರಾಯ ಬರೆಯುತ್ತೇನೆ.

ಸುವಾರ್ತಮ್ಮ ದೇವಪುತ್ರ
ಮೇಲ್ವಿಚಾರಕಿ


ದೇವದುರ್ಗ
15 ಜೂನ್ 2024

ಸುವಾರ್ತಮ್ಮ ಮೇಡಂ ಅವರಿಗೆ ನಮಸ್ಕಾರ.

ಮೊದಲ ವಾರದ ವರದಿ. ಈ ಸಲ ಹೊಸ ಮಕ್ಕಳೇ ಹೆಚ್ಚು. ಎರಡು ದಿನ ಅಳು ಸಮಾಧಾನ ಮಾಡುವುದರಲ್ಲೇ ಹೋಯಿತು. ಬುಧವಾರ ಸೃಷ್ಟಿಯ ಕಥೆ ಹೇಳಿದೆ. ಮೊದಲು ಬರೀ ಕತ್ತಲೆ ಇತ್ತು, ದೇವರು ಬೆಳಕು ಮಾಡಿದ ಎಂದಾಗ ರಿಹಾನ್ ಎಂಬ ಹುಡುಗ, "ಕರೆಂಟ್ ಬಂತೇನ್ರಿ?" ಎಂದು ಕೇಳಿದ. ಹೌದು ಎಂದೆ. ಆ ಉತ್ತರ ನಿಮ್ಮ ಹಾಳೆಯಲ್ಲಿ ಇರಲಿಲ್ಲ.

ಕೆಂಪು ಬಣ್ಣಕ್ಕೆ ಸೇಬು ತೋರಿಸಬೇಕು ಎಂದಿತ್ತು. ಇಲ್ಲಿನ ಸಂತೆಯಲ್ಲಿ ಈ ವಾರ ಸೇಬು ಬಂದಿರಲಿಲ್ಲ. ಒಣಮೆಣಸಿನಕಾಯಿ ತೋರಿಸಿದೆ. ಗುಲ್ನಾಜ್ ಎಂಬ ಹುಡುಗಿ ಅದನ್ನು ಮುಟ್ಟಿದ ಕೈಯಲ್ಲಿ ಕಣ್ಣುಜ್ಜಿಕೊಂಡಳು. ನೀರಿನಿಂದ ತೊಳೆದೆ, ಸ್ವಲ್ಪ ಹೊತ್ತಿಗೆ ಸರಿಹೋಯಿತು. ಆಕೆಯ ತಾಯಿ ಹಾಜಿರಾ ಬೀ ಬಂದು ನನ್ನನ್ನು ಬೈದು ಹೋದರು. ನೀವು ಇನ್ನೊಬ್ಬರ ಬಾಯಿಂದ ಕೇಳುವುದು ಬೇಡವೆಂದು ನಾನೇ ಬರೆದಿದ್ದೇನೆ.

ನನ್ನ ಹೆಸರು ನನ್ನವ್ವ ಇಟ್ಟದ್ದು. ಈ ಶಾಲೆಗೆ ನಾಯಕರ ಓಣಿಯ ಮಕ್ಕಳು ಬರುತ್ತಾರೆ, ಮುಸಲ್ಮಾನರ ಮಕ್ಕಳು ಬರುತ್ತಾರೆ, ನಿಮ್ಮ ಸಭೆಯ ಮಕ್ಕಳೂ ಬರುತ್ತಾರೆ. ಅವರೆಲ್ಲ ನನ್ನನ್ನು ಟೀಚರ್ ಎನ್ನುತ್ತಾರೆ. ಇಷ್ಟು ವರ್ಷ ಅಷ್ಟು ಸಾಕಾಗಿತ್ತು.

ದುರ್ಗಾದೇವಿ


ರಾಯಚೂರು
18 ಜೂನ್ 2024

ಶ್ರೀಮತಿ ದುರ್ಗಾದೇವಿಯವರಿಗೆ,

ಮೂರು ವರ್ಷದ ಮಕ್ಕಳ ಕೈಗೆ ಮೆಣಸಿನಕಾಯಿ ಕೊಟ್ಟಿದ್ದೀರಿ. ಅದನ್ನು ನಾಚಿಕೆಯಿಲ್ಲದೆ ಬರೆದೂ ಇದ್ದೀರಿ. ಸೇಬು ಸಿಗದಿದ್ದರೆ ಸೇಬಿನ ಚಿತ್ರ ತೋರಿಸಬಹುದಿತ್ತು. ಅದು ನಿಮಗೆ ತೋಚಲಿಲ್ಲವೆಂದರೆ ನಂಬುವುದಿಲ್ಲ. ಹಾಳೆಯಲ್ಲಿ ಇದ್ದುದನ್ನು ಮಾಡಬಾರದೆಂದೇ ಮಾಡಿದ್ದು.

ಹಾಜಿರಾ ಬೀ ಬೈದದ್ದು ಕಡಿಮೆಯಾಯಿತು. ಕಣ್ಣಿನ ವೈದ್ಯರಿಗೆ ತೋರಿಸಿದಿರೋ ಇಲ್ಲವೋ ಬರೆದಿಲ್ಲ. ತೋರಿಸಿ, ಬರೆಯಿರಿ.

ಎರಡನೆಯ ವಾರದ ಊಟದ ಪ್ರಾರ್ಥನೆಯನ್ನು ಒಂದಕ್ಷರ ಆಚೀಚೆ ಆಗದಂತೆ ಕಲಿಸಿ.

ಸುವಾರ್ತಮ್ಮ ದೇವಪುತ್ರ


ದೇವದುರ್ಗ
22 ಜೂನ್ 2024

ಮೇಡಂ ಅವರಿಗೆ,

ಗುಲ್ನಾಜಳನ್ನು ಸರಕಾರಿ ಆಸ್ಪತ್ರೆಗೆ ಕರೆದೊಯ್ದು ತೋರಿಸಿದೆ. ಕಣ್ಣಿಗೆ ಏನೂ ಆಗಿಲ್ಲ.

ಎರಡನೆಯ ವಾರ ನನ್ನ ಮನೆ. ಮಕ್ಕಳು ತಮ್ಮ ಮನೆಯಲ್ಲಿ ಯಾರ್ಯಾರು ಇದ್ದಾರೆಂದು ಬೆರಳು ಮಡಚಿ ಹೇಳಿದರು. ಎಮ್ಮೆ, ಕೋಳಿಗಳನ್ನೂ ಸೇರಿಸಿದರು. ನಾನು ತಡೆಯಲಿಲ್ಲ. ಊಟದ ಪ್ರಾರ್ಥನೆಯನ್ನು ನೀವು ಬರೆದ ಹಾಗೆಯೇ ಕಲಿಸಿದೆ. ಒಂದಕ್ಷರ ಆಚೀಚೆ ಆಗಿದ್ದರೆ ಅದು ನನ್ನಿಂದ ಆದದ್ದಲ್ಲ. ಮಲ್ಲೇಶ್ವರಿ ಎಂಬ ಮಗುವಿದೆ, ಗದ್ದೆಪ್ಪನವರ ಮೊಮ್ಮಗಳು. ಗುರುವಾರ ಪ್ರಾರ್ಥನೆ ಮುಗಿಸಿ ಊಟಕ್ಕೆ ಕೈಯಿಡುವಾಗ ಅವಳು ಮಾತ್ರ ಕೈ ಜೋಡಿಸಿಕೊಂಡೇ ಕುಳಿತಿದ್ದಳು.

"ಉಣ್ಣು ಮಗಳ" ಎಂದೆ.

"ಟೀಚರ್, ಕೈ ಬಿಟ್ರಿ" ಎಂದಳು.

"ಯಾವ ಕೈ?"

"ರೊಟ್ಟಿ ಬಡದ ಕೈ."

ಆಮೇಲೆ ಕಣ್ಣು ಮುಚ್ಚಿ ತಾನೇ ಹೇಳಿದಳು: "ಇವತ್ತಿನ ರೊಟ್ಟಿಗಿ ಸ್ತೋತ್ರ. ರೊಟ್ಟಿ ಬಡದ ಕೈಗೂ ಸ್ತೋತ್ರ." ವಂದನೆಗೆ ಸ್ತೋತ್ರ ಎನ್ನುವುದು ನಿಮ್ಮವರ ಮಾತು. ನಾನು ಇದನ್ನು ಕಲಿಸಿಲ್ಲ. ಆದರೆ ಶುಕ್ರವಾರ ಎಲ್ಲ ಮಕ್ಕಳೂ ಅದನ್ನೇ ಹೇಳಿದರು. ಅಡುಗೆಯ ಹೆಂಗಸು ಬಾಗಿಲಲ್ಲಿ ನಿಂತು ಕೇಳಿ ಕಣ್ಣೊರೆಸಿಕೊಂಡಳು. ನಿಮಗೆ ಸಿಟ್ಟು ಬರಬಹುದು. ನಾನು ಬಿಡಿಸಲು ಹೋಗುವುದಿಲ್ಲ.

ದುರ್ಗಾದೇವಿ


ರಾಯಚೂರು
25 ಜೂನ್ 2024

ಶ್ರೀಮತಿ ದುರ್ಗಾದೇವಿಯವರಿಗೆ,

ಎಮ್ಮೆ ಕೋಳಿಗಳ ವಿಷಯ ಇರಲಿ.

ನೀವು ಬರೆದ ಆ ಸಾಲು ನಮ್ಮ ಸಭೆಯ ಯಾವ ಪ್ರಾರ್ಥನೆಯಲ್ಲೂ ಇಲ್ಲ. ಮಗು ಅದನ್ನು ಎಲ್ಲಿ ಕಲಿತಳು? ಮನೆಯಲ್ಲಿ ಯಾರು ಹೇಳಿಕೊಟ್ಟರು? ಆ ಮಲ್ಲೇಶ್ವರಿಯ ತಾಯಿಯ ಹೆಸರೇನು, ತವರೂರು ಯಾವುದು, ತಂದೆ ಏನು ಕೆಲಸ ಮಾಡುತ್ತಾನೆ? ಮಗುವಿಗೆ ವಯಸ್ಸೆಷ್ಟು? ನೋಡಲು ಹೇಗಿದ್ದಾಳೆ?

ಕೂಡಲೇ ಬರೆಯಿರಿ. ಶನಿವಾರದವರೆಗೆ ಕಾಯಬೇಡಿ.

ಸುವಾರ್ತಮ್ಮ ದೇವಪುತ್ರ


ದೇವದುರ್ಗ
29 ಜೂನ್ 2024

ಮೇಡಂ ಅವರಿಗೆ,

ವರದಿ ಶನಿವಾರವೆಂದು ನೀವೇ ಹೇಳಿದ್ದರಿಂದ ಶನಿವಾರವೇ ಬರೆಯುತ್ತಿದ್ದೇನೆ.

ಮೂರನೆಯ ವಾರ ಕಳೆದುಹೋದ ಕುರಿ. ನೀವು ಕಳಿಸಿದ ಕುರಿಯ ಚಿತ್ರಕ್ಕೆ ಬಿಳಿ ಹತ್ತಿ ಅಂಟಿಸಬೇಕಿತ್ತು. ಹತ್ತಿಗೆ ನಮ್ಮಲ್ಲಿ ಬರವಿಲ್ಲ. ಆದರೆ ಮಕ್ಕಳು ಒಪ್ಪಲಿಲ್ಲ. "ಟೀಚರ್, ಕುರಿ ಕರ್ರಗಿರ್ತಾವ" ಎಂದು ಒಬ್ಬ ಶುರು ಮಾಡಿದ, ಎಲ್ಲರೂ ಹಿಡಿದರು. ಇಲ್ಲಿ ಓಣಿಯಲ್ಲಿ ಹಾದುಹೋಗುವ ಹಿಂಡಿನಲ್ಲಿ ಬಿಳಿ ಕುರಿ ಅವರು ಕಂಡಿಲ್ಲ. ಹತ್ತಿಗೆ ಇದ್ದಿಲ ಪುಡಿ ಹಚ್ಚಿ ಅಂಟಿಸಿದೆವು. ಬಟ್ಟೆ ಕೊಳೆಯಾದವು. ತಾಯಂದಿರಿಂದ ಮತ್ತೆ ಬೈಸಿಕೊಂಡೆ.

ಮಲ್ಲೇಶ್ವರಿಯ ಬಗ್ಗೆ ಇಷ್ಟೊಂದು ಪ್ರಶ್ನೆ ಯಾಕೆಂದು ನನಗೆ ಅರ್ಥವಾಗಿದೆ. ಸಂಕ್ರಾಂತಿ ಆದ ಮೇಲೆ ಕೆಲವರು ಬಂದು ಗೇಟಿನ ಹತ್ತಿರ ನಿಂತು, "ಹಿಂದೂ ಕೂಸುಗಳ ಕೈಲಿ ಸ್ತೋತ್ರ ಹೇಳಸಾಕತ್ತೀರೇನು?" ಎಂದು ಗಲಾಟೆ ಮಾಡಿದ್ದರು. ಆಗ ಮಂಡಳಿಯಿಂದ ಒಬ್ಬರೂ ಬಂದು ನನ್ನ ಪಕ್ಕ ನಿಲ್ಲಲಿಲ್ಲ. ಈಗ ನಾಯಕರ ಮನೆಯ ಮಗು ಸ್ತೋತ್ರ ಹೇಳಿತೆಂದು ಓದಿ ನಿಮಗೆ ಭಯವಾಗಿದೆ. ತೊಂದರೆ ತರುವ ಮಗುವೆಂದು ಹೆಸರು ಹೊಡೆದುಹಾಕಲು ಕಾರಣ ಹುಡುಕುತ್ತಿದ್ದೀರಿ.

ದಾಖಲೆಯಲ್ಲಿ ಇರುವಷ್ಟು ಬರೆಯುತ್ತೇನೆ. ತಾಯಿಯ ಹೆಸರು ಪ್ರೀತಿ. ತವರೂರಿನ ಕಾಲಂ ಖಾಲಿಯಿದೆ. ತಂದೆ ಅಂಜಿನೇಯ, ಕಿಟಕಿ ಬಾಗಿಲಿನ ಗ್ರಿಲ್ ವೆಲ್ಡಿಂಗ್ ಮಾಡುತ್ತಾರೆ. ಮಗುವಿಗೆ ಆಗಸ್ಟಿಗೆ ನಾಲ್ಕು ತುಂಬುತ್ತದೆ. ನೋಡಲು ಎಲ್ಲ ಮಕ್ಕಳ ಹಾಗೇ ಇದ್ದಾಳೆ.

ದುರ್ಗಾದೇವಿ


ರಾಯಚೂರು
3 ಜುಲೈ 2024

ಶ್ರೀಮತಿ ದುರ್ಗಾದೇವಿಯವರಿಗೆ,

ಕುರಿಗೆ ಇದ್ದಿಲು ಹಚ್ಚಿದ್ದನ್ನು ಈ ಸಲ ಬಿಟ್ಟಿದ್ದೇನೆ.

ಈ ಪತ್ರದ ಜೊತೆ ಒಂದು ಹಳದಿ ಫ್ರಾಕ್ ಕಳಿಸಿದ್ದೇನೆ. ಚಿಟ್ಟೆಯ ವಾರದ ಬಹುಮಾನ. ಅದನ್ನು ಮಲ್ಲೇಶ್ವರಿಗೆ ಕೊಡಿ. ನಾಲ್ಕು ವರ್ಷದ ಅಳತೆ ಅಂದಾಜಿನ ಮೇಲೆ ತಂದಿದ್ದೇನೆ. ಉದ್ದವಾದರೆ ಮಡಚಿ ಹೊಲಿಗೆ ಹಾಕಿಸಿ. ಯಾರು ಕೊಟ್ಟರೆಂದು ಮಗುವಿಗಾಗಲಿ ಮನೆಯವರಿಗಾಗಲಿ ಹೇಳುವ ಅಗತ್ಯವಿಲ್ಲ. ತೊಡಿಸಿ, ಒಂದು ಫೋಟೋ ತೆಗೆದು ಕಳಿಸಿ. ಫೋಟೋದಲ್ಲಿ ಮುಖ ಸ್ಪಷ್ಟವಾಗಿ ಕಾಣುವಂತಿರಲಿ. ಇದೊಂದನ್ನು ಫೋನಿನಲ್ಲಿ ಕಳಿಸಿದರೂ ನಡೆಯುತ್ತದೆ.

ಅವಳು ಊಟ ಸರಿಯಾಗಿ ಮಾಡುತ್ತಾಳೆಯೇ? ಶಾಲೆಗೆ ಯಾರು ಕರೆತರುತ್ತಾರೆ?

ಸುವಾರ್ತಮ್ಮ ದೇವಪುತ್ರ


ದೇವದುರ್ಗ
6 ಜುಲೈ 2024

ಮೇಡಂ ಅವರಿಗೆ,

ಚಿಟ್ಟೆಯ ವಾರ ಚೆನ್ನಾಗಿ ನಡೆಯಿತು. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ರೆಕ್ಕೆ ಮಾಡಿದೆವು. ಎಲ್ಲರಿಗಿಂತ ಚೆಂದ ಮಾಡಿದವಳು ಗುಲ್ನಾಜ್. ಬಹುಮಾನದ ಫ್ರಾಕನ್ನು ಅವಳಿಗೆ ಕೊಟ್ಟೆ. ಅಳತೆ ಸರಿಯಾಗಿದೆ.

ಮಕ್ಕಳ ಫೋಟೋ ನಾನು ಕಳಿಸುವುದಿಲ್ಲ. ಹಿಂದೊಮ್ಮೆ ಇಲ್ಲಿಂದ ಹೋದ ಫೋಟೋ ದಾನಿಗಳಿಗೆ ಕೊಡುವ ಕ್ಯಾಲೆಂಡರಿನಲ್ಲಿ ಅಚ್ಚಾಗಿ ಬಂತು. ಕೆಳಗೆ ಅನಾಥ ಮಗು ಎಂದು ಬರೆದಿದ್ದರು. ಆ ಮಗುವಿನ ತಂದೆ ತಾಯಿ ಇಬ್ಬರೂ ಇದ್ದರು. ಅವರು ಆ ಕ್ಯಾಲೆಂಡರ್ ಹಿಡಿದು ಬಂದು ನನ್ನ ಮುಂದೆ ನಿಂತಾಗ ನಾನು ಏನು ಹೇಳಬೇಕಿತ್ತು? ಹೊಸ ಫ್ರಾಕ್ ತೊಡಿಸಿ, ಮುಖ ಕಾಣುವಂತೆ, ಮನೆಯವರಿಗೆ ಹೇಳದೆ ಎಂದು ನೀವು ಬರೆದದ್ದನ್ನು ಓದಿದಾಗ ಅದೇ ನೆನಪಾಯಿತು.

ಮಲ್ಲೇಶ್ವರಿ ಊಟ ಮಾಡುತ್ತಾಳೆ. ಯಾರು ಕರೆತರುತ್ತಾರೆಂಬುದು ಚಟುವಟಿಕೆಯ ಹಾಳೆಯಲ್ಲಿಲ್ಲ.

ದುರ್ಗಾದೇವಿ


ರಾಯಚೂರು
9 ಜುಲೈ 2024

ದುರ್ಗಾದೇವಿಯವರಿಗೆ,

ಒಂದು ಮಗುವಿನ ಹೆಸರು ಹೇಳಿ ಕಳಿಸಿದ ವಸ್ತುವನ್ನು ಇನ್ನೊಂದು ಮಗುವಿಗೆ ಕೊಡಲು ನೀವು ಯಾರು? ಅದನ್ನು ಆರಿಸಲು ನಾನು ಎಷ್ಟು ಅಂಗಡಿ ಹತ್ತಿಳಿದೆನೆಂದು ನಿಮಗೆ ಗೊತ್ತಿಲ್ಲ. ನಿಮ್ಮ ಉದ್ಧಟತನವನ್ನು ಮೊದಲ ದಿನದಿಂದ ನೋಡುತ್ತಿದ್ದೇನೆ. ಇನ್ನು ಸಹಿಸುವುದಿಲ್ಲ.

ಜುಲೈ 20, ಶನಿವಾರ ತಪಾಸಣೆಗೆ ನಾನೇ ಬರುತ್ತೇನೆ. ಅಂದು ಮಲ್ಲೇಶ್ವರಿ ಶಾಲೆಯಲ್ಲಿ ಇರಲೇಬೇಕು. ಆಕೆಯ ತಾಯಿಯನ್ನೂ ಕರೆಸಿ ಕೂರಿಸಿ. ತಂದೆ ಬರುವುದು ಬೇಡ. ಮಗುವಿನ ಜನನ ಪ್ರಮಾಣಪತ್ರ ತರಲು ಹೇಳಿ.

ಈ ಪತ್ರ ಮುಟ್ಟಿದ ಮೇಲೆ ನೆಪ ಹೇಳಬೇಡಿ.

ಸುವಾರ್ತಮ್ಮ ದೇವಪುತ್ರ


ದೇವದುರ್ಗ
13 ಜುಲೈ 2024

ಮೇಡಂ ಅವರಿಗೆ,

ಮಲ್ಲೇಶ್ವರಿ ಶಾಲೆ ಬಿಟ್ಟಿದ್ದಾಳೆ. ನೀವು ಬರುವ ಅಗತ್ಯವಿಲ್ಲ.

ನಿಮ್ಮ ಪತ್ರ ಗುರುವಾರ ಮುಟ್ಟಿತು. ಸಂಜೆ ಮಗುವನ್ನು ಕರೆದೊಯ್ಯಲು ತಾಯಿ ಬಂದಾಗ ನಾನು ಮುಚ್ಚಿಡಲಿಲ್ಲ. "ನೋಡ್ರಿ, ರಾಯಚೂರಿನ ದೊಡ್ಡ ಮೇಡಂ ನಿಮ್ಮ ಕೂಸಿನ ಬೆನ್ನು ಹತ್ಯಾರ. ಯಾಕಂತ ನನಗ ಸರಿ ಕಾಣವಲ್ಲದು. ಮುಂದಿನ ಶನಿವಾರ ಬರಾಕತ್ತಾರ, ನಿಮ್ಮನ್ನೂ ಕರಸು ಅಂದಾರ" ಎಂದೆ.

"ಯಾರ್ರೀ ಆ ಮೇಡಂ?" ಎಂದು ಕೇಳಿದಳು.

ನಿಮ್ಮ ಹೆಸರು ಹೇಳಿದೆ. ಆಕೆ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ನೀರು ಕೊಟ್ಟರೆ ಕುಡಿಯಲಿಲ್ಲ. "ಕೂಸಿನ ಚಪ್ಪಲ್ ಎಲ್ಲಿ ಅದಾವ?" ಎಂದಷ್ಟೇ ಕೇಳಿದಳು. ತಾನೇ ತೊಡಿಸಿದಳು. ಮಗು ಕೈ ಬೀಸಿತು, ಆಕೆ ತಿರುಗಿ ನೋಡಲಿಲ್ಲ.

ಶುಕ್ರವಾರ ಮಗು ಬರಲಿಲ್ಲ. ಇವತ್ತು ನಾನೇ ಗದ್ದೆಪ್ಪನವರ ಮನೆಗೆ ಹೋದೆ. ಅವರ ಹೆಂಡತಿ ಗದ್ದೆಮ್ಮ ಹೊಸ್ತಿಲಲ್ಲೇ ನಿಲ್ಲಿಸಿ, "ನಮ್ಮ ಕೂಸು ಇನ್ನ ನಿಮ್ಮ ಸಾಲಿಗಿ ಬರಂಗಿಲ್ಲ. ಮಗಾ ಸೊಸಿ ಊರು ಬಿಟ್ಟು ಹೋಗ್ಯಾರ" ಎಂದರು. ಯಾವ ಊರೆಂದು ಹೇಳಲಿಲ್ಲ.

ನೀವು ಬಯಸಿದ್ದು ಆಯಿತು. ತೊಂದರೆ ತರುವ ಮಗು ಇನ್ನು ನಿಮ್ಮ ಹಾಜರಿಯಲ್ಲಿಲ್ಲ.

ದುರ್ಗಾದೇವಿ


ರಾಯಚೂರು
16 ಜುಲೈ 2024

ದುರ್ಗಾದೇವಿ,

ಎಲ್ಲಿಗೆ ಹೋದರು? ಯಾವ ಊರು? ಮತ್ತೊಮ್ಮೆ ಹೋಗಿ ಆ ಮನೆಯವರನ್ನು ಕೇಳು. ತಿಳಿದ ಕೂಡಲೇ ಫೋನ್ ಮಾಡು.

ಹೊರಡುವಾಗ ಮಗು ಅಳುತ್ತಿತ್ತೇ?

ಸುವಾರ್ತಮ್ಮ


ದೇವದುರ್ಗ
27 ಜುಲೈ 2024

ಸುವಾರ್ತಮ್ಮ ಮೇಡಂ,

ಫೋನ್ ಮಾಡಲು ಹೇಳಿದ್ದಿರಿ. ಮಾಡಲಿಲ್ಲ. ನಾನು ಹೇಳಬೇಕಾದ್ದನ್ನು ನೀವು ನಡುವೆ ಬಾಯಿ ಹಾಕದೆ ಕೇಳಬೇಕು. ಅದಕ್ಕೆ ಕಾಗದವೇ ಸರಿ.

ಮಗುವಿನ ಕೈಕೆಲಸದ ಹಾಳೆಗಳು, ಬದಲಿ ಬಟ್ಟೆ ಶಾಲೆಯಲ್ಲೇ ಉಳಿದಿದ್ದವು. ಅವನ್ನು ತೋರಿಸಿದ ಮೇಲೆ ಗದ್ದೆಮ್ಮನ ಮನಸ್ಸು ಕರಗಿತು. ಅವರು ಮಾನ್ವಿಯಲ್ಲಿದ್ದಾರೆ. ಅಲ್ಲಿ ಒಬ್ಬರ ಜೊತೆ ಸೇರಿ ವೆಲ್ಡಿಂಗ್ ಅಂಗಡಿ ಹಾಕಬೇಕೆಂದು ಅಂಜಿನೇಯ ಮೊದಲೇ ಅಂದುಕೊಂಡಿದ್ದರಂತೆ. ಅದನ್ನು ಅವಸರ ಮಾಡಿದ್ದು ನಿಮ್ಮ ಹೆಸರು. ಬುಧವಾರ ರಜೆ ಹಾಕಿ ಹೋಗಿ ಬಂದೆ.

"ಟೀಚರ್, ನನ್ನ ಖರೆ ಹೆಸರು ಪ್ರೀತಿ ಅಲ್ಲ, ಪ್ರಿಸ್ಕಿಲ್ಲಾ" ಎಂದಳು ಮಲ್ಲೇಶ್ವರಿಯ ತಾಯಿ. "ನಿಮ್ಮ ದೊಡ್ಡ ಮೇಡಂ ನನ್ನ ಹಡದಾಕಿ."

ಎಲ್ಲವನ್ನೂ ಹೇಳಿದಳು. ಅಂಜಿನೇಯನನ್ನು ಮದುವೆಯಾದ ವಾರ ನೀವು ಚರ್ಚಿನ ಬಾಗಿಲಲ್ಲಿ ನಿಂತು ನನಗೆ ಮಗಳಿಲ್ಲ ಎಂದದ್ದು. ತಂದೆ ತೀರಿಕೊಂಡ ಸುದ್ದಿ ಕೇಳಿ ಬಸಿರಿ ಹೆಂಗಸು ದೇವದುರ್ಗದಿಂದ ಮೊದಲ ಬಸ್ಸಿಗೆ ಬಂದದ್ದು. ನಿಮ್ಮ ಮನೆಯ ಗೇಟು ಮುಚ್ಚಿದ್ದು. ಹೆಣದ ಪೆಟ್ಟಿಗೆ ಹೊರಗೆ ಬರುವವರೆಗೆ ಬಿಸಿಲಲ್ಲಿ ನಿಂತದ್ದು, ಆಮೇಲೆ ಜನರ ಹಿಂದೆ ದೂರದಿಂದ ನಡೆದದ್ದು. ಆ ಗ್ರಿಲ್ ಗೇಟು ಅಂಜಿನೇಯನೇ ಮಾಡಿದ್ದಂತೆ.

ರೊಟ್ಟಿಯ ಪ್ರಾರ್ಥನೆ ಅವಳ ತಂದೆಯದು. ನೀವು ಬಡಿದ ರೊಟ್ಟಿಗೆ ಅವರು ದಿನಾ ಹೇಳುತ್ತಿದ್ದ ಮಾತು. "ಅಪ್ಪನ ಮಾತು ಅಂತ ಮಗಳಿಗೆ ಕಲಿಸೀನಿ. ಆಕಿ ಕೈ ಅಂತಲ್ಲ" ಎಂದಳು.

ನೀವು ಅದನ್ನು ಓದಿದ ದಿನವೇ ಗುರುತು ಹಿಡಿದಿರಿ. ಆಮೇಲೆ ಬರೆದದ್ದೆಲ್ಲ ಸುಳ್ಳು. ತಪಾಸಣೆ ಸುಳ್ಳು, ಬಹುಮಾನ ಸುಳ್ಳು. ನಾನು ಅಜ್ಜಿ, ಮೊಮ್ಮಗಳನ್ನು ಕಂಡಿಲ್ಲ ಎಂದು ಒಂದು ಸಾಲು ಬರೆದಿದ್ದರೆ ಆ ಫ್ರಾಕನ್ನು ನಾನೇ ಕೈಯಾರೆ ತೊಡಿಸುತ್ತಿದ್ದೆ. ನೀವು ಮೇಲ್ವಿಚಾರಕಿಯಾಗಿ ಕೇಳಿದಿರಿ. ಮೇಲ್ವಿಚಾರಕಿಗೆ ಹೇಳುವಷ್ಟೇ ಹೇಳಿದೆ. ನಿಮ್ಮ ಸುಳ್ಳು ನಂಬಿ ನಾನು ಆಡಿದ ಮಾತಿನಿಂದ ಒಂದು ಮಗು ಶಾಲೆ ಬಿಟ್ಟಿತು. ಇದಕ್ಕೆ ನಾನು ನಿಮ್ಮನ್ನು ಕ್ಷಮಿಸುವುದಿಲ್ಲ.

ದುರ್ಗಾದೇವಿ


ರಾಯಚೂರು
3 ಆಗಸ್ಟ್ 2024

ದುರ್ಗಾದೇವಿ,

ನನ್ನ ಮನೆಯ ವಿಷಯವನ್ನು ವರದಿಯ ಕಾಗದದಲ್ಲಿ ಬರೆಯುವ ಅಧಿಕಾರ ನಿನಗೆ ಯಾರು ಕೊಟ್ಟರು? ನನ್ನನ್ನು ಕ್ಷಮಿಸಲು ನಿನ್ನನ್ನು ಯಾರು ಕೇಳಿದರು?

ನಮ್ಮ ಸಭೆಯ ಹೆಂಗಸರ ಸಂಘವನ್ನು ನಡೆಸಿದವಳು ನಾನು. ಬೇರೆಯವರ ಹೆಣ್ಣುಮಕ್ಕಳು ಹೀಗೆ ಮನೆ ಬಿಟ್ಟು ಹೋದಾಗ ಅವರ ತಾಯಂದಿರನ್ನು ಕೂರಿಸಿಕೊಂಡು, ಗಟ್ಟಿಯಾಗಿರಿ, ಬಾಗಿಲು ತೆಗೆಯಬೇಡಿ ಎಂದು ಬುದ್ಧಿ ಹೇಳಿದವಳು. ಅವರು ನನ್ನ ಮಾತು ಕೇಳಿದರು. ಒಬ್ಬಾಕೆ ಮಗಳ ಮುಖ ನೋಡದೆಯೇ ಸತ್ತಳು. ನನ್ನ ಮನೆಗೆ ಗ್ರಿಲ್ ಹಾಕಲು ಬಂದವನ ಹಿಂದೆ ನನ್ನ ಮಗಳು ಹೋದಾಗ ನಾನು ಬಾಗಿಲು ತೆರೆದಿಟ್ಟುಕೊಂಡು ಕೂರಬೇಕಿತ್ತೇ? ಆ ಹೆಂಗಸರ ಮುಂದೆ ಯಾವ ಮುಖ ಹೊತ್ತು ಪ್ರಾರ್ಥನೆಗೆ ಹೋಗಬೇಕಿತ್ತು?

ಗೇಟು ಮುಚ್ಚಿದ್ದು ನನ್ನ ಮೈದುನ. ತೆಗೆಯಿರಿ ಎಂದು ನಾನು ಹೇಳಲಿಲ್ಲ. ಗಂಡನ ಹೆಣದ ಮುಂದೆ ಕುಳಿತವಳಿಗೆ ಗೇಟಿನ ಹೊರಗೆ ಯಾರು ನಿಂತಿದ್ದಾರೆ, ಅವಳು ಬಸಿರಿಯೋ ಅಲ್ಲವೋ ಎಂದು ಒಬ್ಬರೂ ಬಂದು ಹೇಳಲಿಲ್ಲ. ಇದನ್ನು ಅವಳು ನಿನಗೆ ಹೇಳಿರಲಾರಳು, ಅವಳಿಗೂ ಗೊತ್ತಿಲ್ಲ.

ನೀನು ಶನಿವಾರ ಬರೆದದ್ದು ಮಂಗಳವಾರ ನನ್ನ ಕೈಗೆ ಬರುತ್ತಿತ್ತು. ಮಗು ಉಣ್ಣುತ್ತಾಳೆ ಎಂದು ಬರೆದಿದ್ದೆ. ಅಷ್ಟೇ ನನಗೆ ಸಿಕ್ಕಿದ್ದು. ನಿನ್ನ ಬಾಯಿಂದ ನನ್ನ ಹೆಸರು ಬೀಳದಿದ್ದರೆ ಮಗು ದೇವದುರ್ಗದಲ್ಲೇ ಇರುತ್ತಿತ್ತು. ಅದನ್ನು ಓಡಿಸಿದವಳು ನೀನು.

ಮಾನ್ವಿಯಲ್ಲಿ ಯಾವ ಓಣಿ, ಬರೆ. ನಿನ್ನ ನೇಮಕ ಮುಂದುವರಿಸಬಾರದೆಂದು ಮಂಡಳಿಗೆ ನಿನ್ನೆಯೇ ಬರೆದಿದ್ದೇನೆ. ವಿಳಾಸ ಬಂದರೆ ಆ ಮಾತನ್ನು ಮತ್ತೆ ಯೋಚಿಸಬಹುದು.

ಸುವಾರ್ತಮ್ಮ


ದೇವದುರ್ಗ
10 ಆಗಸ್ಟ್ 2024

ಮೇಡಂ ಅವರಿಗೆ,

ಓಣಿ ಹೇಳುವುದಿಲ್ಲ. ಆ ಮನೆಯಲ್ಲಿ ಕುಳಿತು ಚಹಾ ಕುಡಿದು, ಹೇಳುವುದಿಲ್ಲವೆಂದು ಮಾತು ಕೊಟ್ಟು ಬಂದಿದ್ದೇನೆ. ನೇಮಕದ ಆಸೆ ತೋರಿಸಿ ಕೇಳಿದ್ದೀರಿ. ಇದನ್ನು ಓದುವಾಗ ನನಗೆ ನಿಮ್ಮ ಮೇಲೆ ಇದ್ದ ಸ್ವಲ್ಪ ಕನಿಕರವೂ ಹೋಯಿತು.

ನನ್ನ ಕೆಲಸ ಹೋಗಬಹುದೆಂದು ತಾಯಂದಿರಿಗೆ ಹೇಗೋ ಗೊತ್ತಾಗಿದೆ. ಹಾಜಿರಾ ಬೀ ಬಂದು, "ಆ ಮೇಡಂ ಬರಲಿ, ನಾ ಮಾತಾಡ್ತೀನಿ" ಎಂದರು. ಬೇಡ ಎಂದೆ. ಕೆಲಸ ಹೋದರೆ ಸಂಕಟವಾಗುತ್ತದೆ. ನನ್ನ ಮನೆಯಲ್ಲಿ ಸಂಬಳ ತರುವವಳು ನಾನೊಬ್ಬಳೇ. ಆದರೂ ಓಣಿ ಹೇಳುವುದಿಲ್ಲ.

ಒಂದು ಸಂಗತಿ ಬರೆಯುತ್ತೇನೆ. ನಿಮಗಾಗಿ ಅಲ್ಲ, ಮಗುವಿಗಾಗಿ. ಮಾನ್ವಿಯಲ್ಲಿ ಮಲ್ಲೇಶ್ವರಿಯನ್ನು ಯಾವ ಶಾಲೆಗೂ ಹಾಕಿಲ್ಲ. ಬೇರೆ ಶಾಲೆಗಳು ದೂರ. ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಇರುವುದು ನಿಮ್ಮ ಮಂಡಳಿಯ ಶಿಶುಶಾಲೆ ಒಂದೇ. ಇಲ್ಲಿ ಇನ್ನೂ ಹಾಕದ ಮೇಲ್ವಿಚಾರಕಿಯ ಹೆಸರಿನ ಹಲಗೆ ಅಲ್ಲಿ ಬಾಗಿಲ ಮೇಲಿದೆ. ನಿಮ್ಮ ಹೆಸರು ಬರೆದ ಬಾಗಿಲೊಳಗೆ ಆಕೆ ಮಗಳನ್ನು ಕಳಿಸುವುದಿಲ್ಲ. ಮಗು ದಿನಾ ಬೆಳಿಗ್ಗೆ ಚಪ್ಪಲಿ ಹಾಕಿಕೊಂಡು ಹೊರಟು ನಿಲ್ಲುತ್ತದಂತೆ.

ನೀವು ಬರಬೇಕೆಂದು ಆಕೆ ನನ್ನ ಹತ್ತಿರ ಹೇಳಲಿಲ್ಲ. ಬರಬಾರದೆಂದೂ ಹೇಳಲಿಲ್ಲ. ನಾನು ಕೇಳಿಸಿಕೊಂಡದ್ದು ಇಷ್ಟು.

ದುರ್ಗಾದೇವಿ


ರಾಯಚೂರು
26 ಆಗಸ್ಟ್ 2024

ಶ್ರೀಮತಿ ದುರ್ಗಾದೇವಿಯವರಿಗೆ,

ನಿಮ್ಮ ನೇಮಕದ ವಿರುದ್ಧ ಬರೆದ ಪತ್ರವನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಇದನ್ನು ಉಪಕಾರವೆಂದು ತಿಳಿಯಬೇಡಿ. ನೀವು ಓಣಿ ಹೇಳಲಿಲ್ಲ, ಅದಕ್ಕೆ ಬದಲಾಗಿ ನಾನು ಕೊಡುವುದಕ್ಕೂ ಏನೂ ಇಲ್ಲ. ನಿಮ್ಮ ಉದ್ಧಟತನದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ನಿಮ್ಮ ಹತ್ತಿರ ಕಲಿತ ಮಗುವನ್ನು ನಾನು ನೋಡಿ ಬಂದಿದ್ದೇನೆ.

ಶನಿವಾರ ಮಾನ್ವಿಗೆ ಹೋದೆ. ಊರು ಗೊತ್ತಿತ್ತು, ಕಸುಬು ಗೊತ್ತಿತ್ತು. ವೆಲ್ಡಿಂಗ್ ಅಂಗಡಿಗಳನ್ನು ಕೇಳುತ್ತಾ ನಡೆದೆ. ಒಂದರಲ್ಲಿ ಅವನೇ ಇದ್ದ. ಕಣ್ಣಿನ ಮುಂದೆ ಹಿಡಿದ ಗಾಜು ಸರಿಸಿ ನೋಡಿದ, ಮೆಷಿನ್ ಬಂದ್ ಮಾಡಿದ. ಬರ್ರಿ ಎನ್ನಲಿಲ್ಲ, ಹೋಗ್ರಿ ಎನ್ನಲಿಲ್ಲ. ಹಿಂದಿನ ಮನೆಯ ಕಡೆ ಕೈ ತೋರಿಸಿ ಮತ್ತೆ ಕೆಲಸಕ್ಕೆ ಬಾಗಿದ.

ಪ್ರಿಸ್ಕಿಲ್ಲಾ ಬಾಗಿಲಿಗೆ ಬಂದಳು. ಬಹಳ ಸೊರಗಿದ್ದಾಳೆ.

"ಯಾಕ ಬಂದಿ?" ಎಂದಳು.

ಬಸ್ಸಿನಲ್ಲಿ ಅಷ್ಟು ದೂರ ಕುಳಿತು ಏನೇನೋ ಹೇಳಬೇಕೆಂದು ಜೋಡಿಸಿಕೊಂಡಿದ್ದೆ. ಬಾಯಿಂದ ಬಂದದ್ದು, "ಮಾನ್ವಿ ಸಾಲಿ ತಪಾಸಣಿಗಿ ಬಂದಿದ್ದೆ."

"ಸಾಲಿ ಆ ಕಡಿ ಅದ" ಎಂದು ಒಳಗೆ ಹೋದಳು. ಬಾಗಿಲು ಮಾತ್ರ ಮುಚ್ಚಲಿಲ್ಲ.

ಕಟ್ಟೆಯ ಮೇಲೆ ಮಗು ಕಲ್ಲುಗಳನ್ನು ಸಾಲಾಗಿ ಇಟ್ಟುಕೊಂಡು ಅವಕ್ಕೆ ಪಾಠ ಹೇಳುತ್ತಿತ್ತು. ನನ್ನನ್ನು ನೋಡಿ, "ಯವ್ವಾ, ಇಕಿ ಯಾರು?" ಎಂದು ಕೂಗಿತು.

"ಯಾರೋ ಟೀಚರ್" ಎಂದು ಒಳಗಿನಿಂದ ದನಿ ಬಂತು.

"ಟೀಚರ್ ನಾನು" ಎಂದಳು ಮಗು. "ನೀ ಕೂಡು. ಬಾಯಿ ಮ್ಯಾಲ ಬಳ್ಳಿಡು."

ಕುಳಿತೆ. ಕಲ್ಲುಗಳ ಸಾಲಿನ ಕೊನೆಯಲ್ಲಿ ಜಾಗವಿತ್ತು. ಬಾಯಿಯ ಮೇಲೆ ಬೆರಳಿಟ್ಟೆ. ಮಗು ಮಳೆಯ ಹಾಡು ಹೇಳಿಕೊಟ್ಟಳು, ಆನೆ ಹೇಗೆ ನಡೆಯುತ್ತದೆಂದು ತೋರಿಸಿದಳು. ನಾನು ಒಮ್ಮೆ, "ನಿನ್ನ ಹೆಸರೇನು?" ಎಂದು ಕೇಳಿದೆ. "ಪಾಠ ನಡದಾಗ ಮಾತಾಡಬ್ಯಾಡ" ಎಂದು ನನ್ನ ಕೈ ಹಿಡಿದು ಬೆರಳನ್ನು ಮತ್ತೆ ತುಟಿಯ ಮೇಲೆ ಒತ್ತಿದಳು. ಅವಳ ಕೈ ನನಗೆ ತಾಗಿದ್ದು ಅದೇ ಮೊದಲು.

ಪ್ರಿಸ್ಕಿಲ್ಲಾ ಕಿಟಕಿಯಿಂದ ನೋಡುತ್ತಿದ್ದಳು. ನಗಲಿಲ್ಲ. ಮಗುವನ್ನು ಒಳಗೆ ಕರೆಯಲೂ ಇಲ್ಲ. ಬಿಸಿಲು ಕಟ್ಟೆಯವರೆಗೆ ಬಂದಾಗ ಒಂದು ತಂಬಿಗೆ ನೀರು ತಂದು ನನ್ನ ಕೈಗೆ ಕೊಡದೆ ಮೆಟ್ಟಿಲ ಮೇಲಿಟ್ಟಳು. ಗೇಟಿನ ವಿಷಯ ಹೇಳಬೇಕೆಂದು ಬಾಯಿ ತೆರೆದೆ. "ಆ ಮಾತು ಈಗ ಬ್ಯಾಡ" ಎಂದಳು.

ನಾನು ಎದ್ದು ಹೊರಟಾಗ ಬಾಗಿಲಲ್ಲಿ ನಿಂತು ಹೇಳಿದಳು. "ಇನ್ನ ಶನಿವಾರ ಬರಬ್ಯಾಡ, ನಾವು ದೇವದುರ್ಗಕ್ಕ ಅತ್ತಿ ಮನಿಗಿ ಹೋಗ್ತೀವಿ. ಬರೂದಿದ್ರ ಆಯಿತವಾರ ಮುಂಜಾನಿ ಬಾ. ಆ ಹೊತ್ತು ಬಿಟ್ರ ಬ್ಯಾರೆ ಹೊತ್ತಿಲ್ಲ."

ಭಾನುವಾರ ಬೆಳಿಗ್ಗೆ ನಾನು ಎಲ್ಲಿರುತ್ತೇನೆಂದು ಅವಳಿಗೆ ಗೊತ್ತಿದೆ. ಹುಟ್ಟಿದಾಗಿನಿಂದ ನನ್ನ ಪಕ್ಕದಲ್ಲಿ ಆರಾಧನೆಯ ಮೊದಲ ಸಾಲಿನಲ್ಲಿ ಕುಳಿತವಳು. ಬೇಕೆಂದೇ ಆ ಹೊತ್ತು ಆರಿಸಿದಳು. ಬಸ್ಸಿನಲ್ಲಿ ನನಗೆ ಅವಳ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಮಾನ್ವಿ ಶಾಲೆಯ ಮೇಲ್ವಿಚಾರಣೆಯಿಂದ ನನ್ನನ್ನು ಬಿಡಿಸಿ, ಬೇರೆಯವರಿಗೆ ಕೊಡಿ ಎಂದು ಇವತ್ತು ಮಂಡಳಿಗೆ ಬರೆದೆ. ಬಾಗಿಲ ಮೇಲಿನ ಹೆಸರು ಬದಲಾದ ಮೇಲೆ ನೀವು ಪ್ರಿಸ್ಕಿಲ್ಲಾಗೆ ತಿಳಿಸಿ. ನಾನು ಹೇಳಿದರೆ ಅವಳು ನಂಬುವುದಿಲ್ಲ.

ನಿನ್ನೆ ಆರಾಧನೆ ಮುಗಿದ ಮೇಲೆ ಬರುವ ಭಾನುವಾರದಿಂದ ನಾನು ಇರುವುದಿಲ್ಲವೆಂದು ಪಾಸ್ಟರಿಗೆ ಹೇಳಿದೆ. ಮೈ ಸರಿಯಿಲ್ಲವೇ ಎಂದು ಕೇಳಿದರು. ಸಂಘದ ಹೆಂಗಸರು ಅಲ್ಲೇ ಹತ್ತಿರ ನಿಂತಿದ್ದರು.

"ಮೈ ಸರಿ ಅದ. ಮಗಳ ಮನಿಗಿ ಹೋಗಬೇಕು" ಎಂದೆ.

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ನೋಡಲಿ.

ಸುವಾರ್ತಮ್ಮ